ಇನ್ನೊಂದು ಪಟ್ಟಿ ಎಂಬ ಸರ್ವರೋಗದ ಮದ್ದು

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಎಲ್ಲಿ ಬೇಕಾದರೂ ಗ್ಯಾರೇಜಿನ ಮುಂದೆ ಒಂದು ಗಳಿಗೆ ನಿಂತು ನೋಡಿ. ಎಂಜಿನ್ ನಡುಗುತ್ತದೆ ಎಂದು ಮೂರು ಚಕ್ರದ ಟಂಟಂ ಬರುತ್ತದೆ. ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿಕೊಂಡ ಹಳೆಯ ಜೀಪು ಬರುತ್ತದೆ. ತಳ ಬಿರಿದ ಟ್ರೇಲರ್ ಬರುತ್ತದೆ. ರೋಗ ಮೂರು, ಮದ್ದು ಒಂದೇ: “ಅದಕ್ಯಾಕ ತಲಿ ಕೆಡಿಸ್ಕೊಂತೀರಿ ಯಜಮಾನ್ರ, ಇನ್ನೊಂದು ಪಟ್ಟಿ ಹೊಡೆದ್ರ ಆತು.” ಯಜಮಾನರೂ ತಲೆಯಾಡಿಸುತ್ತಾರೆ. ವೆಲ್ಡಿಂಗ್ ಕಿಡಿ ಹಾರುತ್ತದೆ, ಉಕ್ಕಿನ ಪಟ್ಟಿ ಕೂರುತ್ತದೆ, ಕಪ್ಪು ಬಣ್ಣ ಬಳಿಯಲಾಗುತ್ತದೆ, ಗಾಡಿ ಹೊರಡುತ್ತದೆ. ಕೆಲ ತಿಂಗಳ ನಂತರ ಅದೇ ಗಾಡಿ ಅದೇ ಜಾಗಕ್ಕೆ ಬರುತ್ತದೆ. ಈ ಸಲ ಬಿರುಕು ಪಟ್ಟಿಯ ಪಕ್ಕದಲ್ಲಿರುತ್ತದೆ. ಅದಕ್ಕೂ ಮದ್ದು ಸಿದ್ಧವಿದೆ: ಮತ್ತೊಂದು ಪಟ್ಟಿ.

ಈ ಮಾತನ್ನು ನಾವು ಅನುಭವದ ಮಾತೆಂದು ಒಪ್ಪಿಕೊಂಡಿದ್ದೇವೆ. ಕಬ್ಬಿಣ ಹೆಚ್ಚಿದಷ್ಟೂ ಗಾಡಿ ಗಟ್ಟಿ, ಆಸರೆ ಹೆಚ್ಚಿದಷ್ಟೂ ಎಂಜಿನ್ ಭದ್ರ ಎನ್ನುವುದು ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನಿಸದ ನಂಬಿಕೆ. ಪ್ರಶ್ನಿಸಿದವನಿಗೆ ಸಿಗುವ ಉತ್ತರವೂ ಗೊತ್ತಿರುವುದೇ: “ಪುಸ್ತಕ ಓದಿದೋರಿಗೆ ಇದೆಲ್ಲ ತಿಳಿಯಂಗಿಲ್ಲ ಬಿಡ್ರಿ.” ನನ್ನ ಮಾತು ನೇರವಾಗಿದೆ. ಇದು ಅನುಭವವಲ್ಲ, ಆಲಸ್ಯ. ಪಟ್ಟಿ ಹೊಡೆಯುವುದು ರಿಪೇರಿಯಲ್ಲ, ರೋಗ ಹುಡುಕುವ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ. ಈ ತಪ್ಪಿಸಿಕೊಳ್ಳುವಿಕೆ ಎಂಜಿನ್ನಿನಲ್ಲಿ ಶುರುವಾಗಿ ಟ್ರೇಲರಿಗೆ, ಅಲ್ಲಿಂದ ತೇರಿನ ಅಚ್ಚಿನವರೆಗೆ ಹಬ್ಬಿದೆ.

ಮೊದಲ ಆರೋಪ: ಎಂಜಿನ್ ಯಾಕೆ ನಡುಗಿತು ಎಂದು ಯಾರೂ ಕೇಳುವುದಿಲ್ಲ.

ಎಂಜಿನ್ ನಡುಗಲು ನೂರು ಕಾರಣ. ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೆ ಒಂದು ಸಿಲಿಂಡರ್ ಕೆಲಸ ಬಿಟ್ಟಿರಬಹುದು. ಫ್ಯಾನಿನ ಒಂದು ಎಲೆ ಮುರಿದು ತೂಕ ತಪ್ಪಿರಬಹುದು. ಕ್ಲಚ್ ಪ್ಲೇಟ್ ಸವೆದಿರಬಹುದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲಾಗಿರಬಹುದು. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಎಂಜಿನ್ ಕೆಳಗಿನ ಫೌಂಡೇಶನ್ ರಬ್ಬರ್ ಸತ್ತಿರುವುದು. ರಬ್ಬರಿಗೆ ಎಣ್ಣೆ, ಡೀಸೆಲ್, ಬಿಸಿ ಮೂರೂ ಆಗುವುದಿಲ್ಲ. ಎಣ್ಣೆ ಸೋರುವ ಎಂಜಿನ್ನಿನ ಕೆಳಗೆ ಅದು ಮೊದಲು ಉಬ್ಬಿ ಮೆತ್ತಗಾಗುತ್ತದೆ. ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ಹಾಗಾದಾಗ ಮಾಡಬೇಕಾದದ್ದು ಎರಡೇ ಕೆಲಸ: ರಬ್ಬರ್ ಬದಲಿಸುವುದು, ಎಣ್ಣೆ ಸೋರುವುದನ್ನು ನಿಲ್ಲಿಸುವುದು. ನಾವು ಮಾಡುವುದೇನು? ಸತ್ತ ರಬ್ಬರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಒಂದು ಆಂಗಲ್ ತುಂಡನ್ನು ಚಾಸಿಗೂ ಎಂಜಿನ್ನಿಗೂ ಬೆಸೆಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಗಾದೆ ಹೇಳಿ ನಗುವ ಊರಿನಲ್ಲೇ ಈ ಬರೆ ದಿನಾ ಬೀಳುತ್ತಿದೆ, ಅದಕ್ಕೆ ನಗುವವರಿಲ್ಲ.

ಎರಡನೆಯ ಆರೋಪ: ಎಂಜಿನ್ ಕುಣಿಯುವುದೇ ರೋಗ ಎಂದು ತಿಳಿದಿದ್ದೇವೆ.

ನಮ್ಮ ಹಳ್ಳಿಗಳ ನಡುವೆ ಓಡುವ ಡೀಸೆಲ್ ತ್ರಿಚಕ್ರಗಳ ಪೈಕಿ ಬಹಳಷ್ಟಕ್ಕೆ ಇರುವುದು ಒಂಟಿ ಸಿಲಿಂಡರ್ ಎಂಜಿನ್. ನಿಂತಲ್ಲೇ ಓಡುವಾಗ ಅದು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತದೆ ಅನ್ನಿ. ಎರಡು ಸುತ್ತಿಗೆ ಒಂದೇ ಸಲ ಉರಿಯುವುದರಿಂದ ಸೆಕೆಂಡಿಗೆ ಸುಮಾರು ಎಂಟು ಹೊಡೆತ. ಅಷ್ಟು ನಿಧಾನದ ಹೊಡೆತ ಚಾಸಿಗೆ ಮುಟ್ಟದಂತೆ ತಡೆಯಬೇಕಾದರೆ ರಬ್ಬರ್ ಮೆತ್ತಗಿರಲೇಬೇಕು. ರಬ್ಬರ್ ಮೆತ್ತಗಿದ್ದರೆ ಎಂಜಿನ್ ಕುಣಿಯಲೇಬೇಕು. ಅಂದರೆ ಅದು ಕುಣಿಯಲೆಂದೇ ಅದನ್ನು ಹಾಗೆ ಕೂರಿಸಿದ್ದಾರೆ. ಎಂಜಿನ್ ಕುಣಿದರೆ ಗಾಡಿ ಉಳಿಯುತ್ತದೆ, ಎಂಜಿನ್ನಿನ ಕೈಕಾಲು ಕಟ್ಟಿದರೆ ಗಾಡಿಯೇ ಕುಣಿಯುತ್ತದೆ. ಪಟ್ಟಿ ಹೊಡೆಸಿದ ಮೇಲೆ ಹೆಡ್‌ಲೈಟು ಪದೇ ಪದೇ ಹೋಗುವುದು, ಡೀಸೆಲ್ ಪೈಪು ಬಿರಿಯುವುದು, ರೇಡಿಯೇಟರ್ ಸೋರುವುದು, ಡ್ರೈವರನ ಸೊಂಟ ಹಿಡಿಯುವುದು ಇವೆಲ್ಲ ಬೇರೆ ಬೇರೆ ಗ್ರಹಚಾರಗಳೆಂದು ತಿಳಿದಿದ್ದೀರಾ? ಎಲ್ಲವೂ ಆ ಒಂದು ಪಟ್ಟಿಯ ಮಕ್ಕಳು.

ನಾಲ್ಕು ಸಿಲಿಂಡರಿನ ಜೀಪಿನ ಲೆಕ್ಕವನ್ನೂ ನೋಡೋಣ. ನಿಮಿಷಕ್ಕೆ 800 ಸುತ್ತು, ಸುತ್ತಿಗೆ ಎರಡು ಉರಿತ. ಸೆಕೆಂಡಿಗೆ ಸುಮಾರು 27 ಹೊಡೆತ. ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಒಂದು ತೂಗಾಟದ ವೇಗವಿರುತ್ತದೆ. ಆ ವೇಗ ಹೊಡೆತದ ವೇಗಕ್ಕಿಂತ ಬಹಳ ಕಡಿಮೆ ಇದ್ದರೆ ಮಾತ್ರ ನಡುಕ ರಬ್ಬರಿನಲ್ಲೇ ಸಾಯುತ್ತದೆ. ಇಲ್ಲಿ ಅದು ಸೆಕೆಂಡಿಗೆ 19ರ ಕೆಳಗಿರಬೇಕು. ಹತ್ತರ ಹತ್ತಿರ ಇದ್ದರೆ ನೆಮ್ಮದಿ. ಈಗ ಆಸರೆಯ ಬಿಗಿಯನ್ನು ನಾಲ್ಕು ಪಟ್ಟು ಹೆಚ್ಚಿಸಿ; ತೂಗಾಟದ ವೇಗ ಎರಡು ಪಟ್ಟಾಗಿ 20ಕ್ಕೆ ಬಂತು. ನಡುಕ ಕಡಿಮೆಯಾಗುವ ಮಾತು ಮುಗಿಯಿತು, ಇನ್ನು ಅದು ಬೆಳೆಯುವ ಸರದಿ. ಇದು ಬರೀ ನಾಲ್ಕು ಪಟ್ಟಿನ ಕಥೆ. ಉಕ್ಕಿನ ಪಟ್ಟಿ ರಬ್ಬರಿಗಿಂತ ಎಷ್ಟು ಪಟ್ಟು ಬಿಗಿ ಎನ್ನುವುದನ್ನು ಓದುಗರೇ ಊಹಿಸಿಕೊಳ್ಳಲಿ. ಈ ಲೆಕ್ಕಕ್ಕೆ ವಿದೇಶದ ಪದವಿ ಬೇಕಿಲ್ಲ, ಐಟಿಐ ಹುಡುಗನ ಕ್ಯಾಲ್ಕುಲೇಟರ್ ಸಾಕು. ಆದರೆ ಅದನ್ನು ಒತ್ತುವವರು ಯಾರು?

ಮೂರನೆಯ ಆರೋಪ: ಮೂರು ಆಸರೆಗೆ ನಾಲ್ಕನೆಯದು ಸೇರಿದರೆ ಲಾಭವೆಂದೇ ನಂಬಿದ್ದೇವೆ.

ಹೊಲದಲ್ಲಿ ಮೂರು ಕಲ್ಲು ಹೂಡಿ ಗಡಿಗೆ ಇಟ್ಟವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನೆಲ ಎಷ್ಟೇ ಏರುಪೇರಾಗಿರಲಿ, ಮೂರು ಕಲ್ಲಿನ ಮೇಲೆ ಗಡಿಗೆ ಅಲುಗದೆ ಕೂರುತ್ತದೆ. ನಾಲ್ಕನೆಯ ಕಲ್ಲು ಇಟ್ಟ ಕೂಡಲೇ ಒಂದಲ್ಲ ಒಂದು ಕಲ್ಲು ಸುಳ್ಳಾಗುತ್ತದೆ, ಗಡಿಗೆ ಆಡತೊಡಗುತ್ತದೆ. ವಾಹನದ ಚಾಸಿಯೂ ಏರುಪೇರಿನ ನೆಲವೇ. ಗುಂಡಿಗೆ ಒಂದು ಚಕ್ರ ಇಳಿದರೆ ಚಾಸಿ ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳಬೇಕೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಮೂರು ಕಡೆ ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೆ ಆ ತಿರುಚು ತಾಗುವುದಿಲ್ಲ. ರಬ್ಬರಿಲ್ಲದ ನಾಲ್ಕನೆಯ ಉಕ್ಕಿನ ಪಟ್ಟಿಯನ್ನು ಬೆಸೆದಿರೋ, ಚಾಸಿಯ ತಿರುಚೆಲ್ಲ ಎಂಜಿನ್ನಿನ ಮೈಗೆ ಬರುತ್ತದೆ. ಎರಕದ ಕಬ್ಬಿಣ ಬಾಗುವ ಜಾತಿಯಲ್ಲ, ಒಡೆಯುವ ಜಾತಿ. ಅಲ್ಯೂಮಿನಿಯಮ್ಮಿನ ಗೇರ್‌ಬಾಕ್ಸ್ ಚಿಪ್ಪಿನ ಕಿವಿಯೂ ಅಷ್ಟೆ. ಹತ್ತು ರೂಪಾಯಿಯ ನಡುಕ ನಿಲ್ಲಿಸಲು ಹೋಗಿ ಸಾವಿರಾರು ರೂಪಾಯಿಯ ಚಿಪ್ಪು ಒಡೆಸಿಕೊಂಡವರು ನಮ್ಮಲ್ಲಿ ಕಡಿಮೆಯೇ? ಒಡೆದಾಗ ಬೈಯುವುದು ಮಾತ್ರ ಕಂಪನಿಯನ್ನು.

ಇದೇನು ನಿನ್ನೆ ಮೊನ್ನೆ ಕಂಡುಕೊಂಡ ವಿಷಯವಲ್ಲ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಮುಂದೆ ಮೇಲ್ಗಡೆ ಒಂದು, ಹಿಂದೆ ಕೆಳಗಡೆ ಒಂದು ರಬ್ಬರಿನ ಮೇಲೆ ತೂಗಿಬಿಟ್ಟಿತು. ಆ ಎರಡನ್ನೂ ಸೇರಿಸುವ ಗೆರೆ ಎಂಜಿನ್ನಿನ ಭಾರದ ನಡುಬಿಂದುವಿನ ಮೂಲಕ ಹಾಯುವಂತೆ ಲೆಕ್ಕ ಹಾಕಿತ್ತು. ಎಂಜಿನ್ ಆ ಗೆರೆಯ ಸುತ್ತ ತನ್ನ ಪಾಡಿಗೆ ಹೊರಳಾಡಿತು, ಕುಳಿತವರಿಗೆ ನಡುಕ ತಿಳಿಯಲಿಲ್ಲ. ಫ್ರಾನ್ಸಿನ ಸಿಟ್ರೋಯೆನ್ ಕಂಪನಿ ದುಡ್ಡು ಕೊಟ್ಟು ಆ ಹಕ್ಕು ಪಡೆಯಿತು. ಎಂಜಿನ್ನನ್ನು ಬಿಗಿಯುವುದನ್ನು ಬಿಟ್ಟು ಸಡಿಲ ಬಿಡಲು ಕಲಿತು ಜಗತ್ತಿಗೆ ತೊಂಬತ್ತು ವರ್ಷ ಮೀರಿತು. ನಾವು ಇನ್ನೂ ಬಿಗಿಯುತ್ತಲೇ ಇದ್ದೇವೆ, ಅದನ್ನು ಪರಂಪರೆ ಅನ್ನುತ್ತೇವೆ.

ಇಲ್ಲಿ ಒಬ್ಬ ಜಾಣ ಎದ್ದು ಕೇಳುತ್ತಾನೆ: “ಟ್ರ್ಯಾಕ್ಟರ್ ಎಂಜಿನ್ನಿಗೆ ರಬ್ಬರೇ ಇಲ್ಲವಲ್ಲ, ಅದೇನು ಒಡೆದುಹೋಯಿತಾ?” ಒಡೆಯುವುದಿಲ್ಲ ಯಾಕೆಂದರೆ ಅಲ್ಲಿ ಎಂಜಿನ್ನೇ ಚಾಸಿ. 1917ರಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಟ್ರ್ಯಾಕ್ಟರು ಬಂದಾಗಿನಿಂದ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಅಚ್ಚಿನ ಚಿಪ್ಪು ಮೂರನ್ನೂ ಬೋಲ್ಟಿನಿಂದ ಒಂದು ಮಾಡಿ, ಅದನ್ನೇ ಬೆನ್ನುಮೂಳೆ ಮಾಡುವ ಪದ್ಧತಿ ಬೆಳೆಯಿತು. ಆ ಭಾರ ಹೊರಲೆಂದೇ ಎರಕವನ್ನು ದಪ್ಪಗೆ ಹೊಯ್ದಿರುತ್ತಾರೆ. ಮುಂದಿನ ಅಚ್ಚನ್ನು ನಡುವಿನ ಒಂದೇ ಗೂಟದ ಮೇಲೆ ತೂಗಿಬಿಟ್ಟು ನೆಲದ ಏರುಪೇರು ಎಂಜಿನ್ನಿಗೆ ತಾಗದಂತೆ ನೋಡಿಕೊಂಡಿರುತ್ತಾರೆ. 1967ರ ಲೋಟಸ್ 49 ರೇಸ್ ಕಾರಿನಲ್ಲೂ ಎಂಜಿನ್ನೇ ಗಾಡಿಯ ಹಿಂಭಾಗವಾಗಿತ್ತು. ಹಿಂದಿನ ಚಕ್ರಗಳ ಭಾರವನ್ನು ಅದೇ ಹೊತ್ತಿತು. ಅದೂ ಲೆಕ್ಕ ಹಾಕಿಯೇ. ಅದೇ ಕಂಪನಿ 1957ರಿಂದ ಮಾರಿದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮನೆಗೆ ಒಯ್ದು ಸಾಮಾನ್ಯರು ತಾವೇ ಜೋಡಿಸಿಕೊಂಡರು. ತೆಳ್ಳನೆಯ ಕೊಳವೆಗಳ ಆ ಚೌಕಟ್ಟು ಗಟ್ಟಿಯಾಗಿದ್ದದ್ದು ಕಬ್ಬಿಣದ ತೂಕದಿಂದಲ್ಲ, ಕೊಳವೆಗಳನ್ನು ತ್ರಿಕೋನವಾಗಿ ಕೂಡಿಸಿದ್ದರಿಂದ. ಮನೆಯಂಗಳದಲ್ಲಿ ಗಾಡಿ ಕಟ್ಟುವವನೂ ಭಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಮೊದಲು ಕೇಳಿಕೊಳ್ಳಬಲ್ಲ. ನಮ್ಮ ಗ್ಯಾರೇಜಿಗೆ ಆ ಪ್ರಶ್ನೆ ಕೇಳಲು ಏನು ಅಡ್ಡಿ?

ನಾಲ್ಕನೆಯ ಆರೋಪ: ವೆಲ್ಡಿಂಗನ್ನು ಗೋಂದು ಎಂದು ಭಾವಿಸಿದ್ದೇವೆ.

ಲಾರಿ, ಜೀಪು, ಪಿಕಪ್ ಯಾವುದರ ಚಾಸಿಯಲ್ಲೂ ಹೆಚ್ಚು ಎಳೆತ, ಒತ್ತಡ ಬೀಳುವುದು ಚಾನಲ್ಲಿನ ಮೇಲಂಚು ಕೆಳಅಂಚುಗಳಲ್ಲಿ. ಅಲ್ಲಿ ತೂತು ಕೊರೆಯಬೇಡಿ, ಅಡ್ಡ ವೆಲ್ಡ್ ಮಾಡಬೇಡಿ ಎಂದು ತಯಾರಕರ ಕೈಪಿಡಿಗಳು ಸಾರಿ ಹೇಳುತ್ತವೆ. ನಮ್ಮ ಪಟ್ಟಿ ಕೂರುವುದು ಸರಿಯಾಗಿ ಅಲ್ಲೇ, ಅಡ್ಡಡ್ಡಲಾಗಿಯೇ. ಬೆಸುಗೆಯ ಬಿಸಿಗೆ ಸುತ್ತಲಿನ ಉಕ್ಕಿನ ಗುಣ ಕೆಡುತ್ತದೆ. ಪಟ್ಟಿ ಮುಗಿಯುವ ಜಾಗದಲ್ಲಿ ದಪ್ಪ ಒಮ್ಮೆಲೇ ಬದಲಾಗುವುದರಿಂದ ಎಳೆತವೆಲ್ಲ ಅಲ್ಲಿ ಗುಡ್ಡೆಯಾಗುತ್ತದೆ. ಮುಂದಿನ ಬಿರುಕು ಹುಟ್ಟುವುದೂ ಅಲ್ಲೇ. ಪಟ್ಟಿ ಹಾಕಲೇಬೇಕಾದರೂ ಅದರ ತುದಿಗಳನ್ನು ಓರೆಯಾಗಿ ಕತ್ತರಿಸಿ, ದಪ್ಪ ನಿಧಾನವಾಗಿ ಇಳಿಯುವಂತೆ ಮಾಡಬೇಕೆಂಬ ಸಣ್ಣ ನಿಯಮವನ್ನೂ ಪಾಲಿಸುವವರಿಲ್ಲ. ಎರಕದ ಕಬ್ಬಿಣವನ್ನು ಮೊದಲು ಕಾಯಿಸದೆ, ಆಮೇಲೆ ನಿಧಾನವಾಗಿ ಆರಿಸದೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ ಎಂಬುದು ಹಳೆಯ ಕಮ್ಮಾರರಿಗೆ ಗೊತ್ತಿದ್ದ ಸಂಗತಿ. ಈಗಿನ ಅವಸರದಲ್ಲಿ ಕಾಯಿಸುವವರು ಯಾರು, ಆರುವ ತನಕ ಕಾಯುವವರು ಯಾರು?

ಬೆಸುಗೆಯನ್ನು ಕಣ್ಣುಮುಚ್ಚಿ ನಂಬಿದವರಿಗೆ 1943ರ ಜನವರಿ 16 ನೆನಪಿರಲಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಎಣ್ಣೆ ಹಡಗು ದಡದ ಪಕ್ಕ ನಿಶ್ಚಿಂತೆಯಿಂದ ನಿಂತಲ್ಲೇ ನಡುವೆ ಸೀಳಿತು. ಬಿರುಗಾಳಿ ಇರಲಿಲ್ಲ, ಬಾಂಬು ಬಿದ್ದಿರಲಿಲ್ಲ. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸೆದ ಹಡಗಿನಲ್ಲಿ ತಗಡುಗಳೆಲ್ಲ ಒಂದೇ ಮೈಯಾದ್ದರಿಂದ ಅದು ಓಡಿಕೊಂಡು ಹೋಯಿತು. ಅಷ್ಟು ದೊಡ್ಡ ಹಡಗಿನ ಪಾಠ ನಮ್ಮ ಟಂಟಂಗೆ ಯಾಕೆ ಅನ್ನುವಿರಾ? ಬಿರುಕಿಗೆ ಹಡಗು ಯಾವುದು, ಟಂಟಂ ಯಾವುದು ಎಂಬ ಭೇದವಿಲ್ಲ.

ಐದನೆಯ ಆರೋಪ ಎಲ್ಲಕ್ಕಿಂತ ದೊಡ್ಡದು: ಪಟ್ಟಿಯ ಬುದ್ಧಿ ಎಂಜಿನ್ನಿಗೆ ನಿಲ್ಲುವುದಿಲ್ಲ.

ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರ ಜಾತ್ರೆಯ ದಾರಿಗಳನ್ನು ನೋಡಿ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಕ್ರೂಸರ್, ಟಂಟಂ ಎಲ್ಲವೂ ಮೈಲಾರಲಿಂಗನ ಕಡೆಗೆ. ಟ್ರೇಲರಿನ ಪಕ್ಕದ ಹಲಗೆ ಎತ್ತರಿಸಿ, ಮೇಲೊಂದು ಚಪ್ಪರ ಕಟ್ಟಿ, ಒಳಗೆ ಮಕ್ಕಳು ಮುದುಕರ ಸಮೇತ ಇಡೀ ಮನೆತನ ಕೂತಿರುತ್ತದೆ. ಭಾರ ಹೆಚ್ಚಾಯಿತೇ? ಸ್ಪ್ರಿಂಗಿಗೆ ಇನ್ನೊಂದು ಪಾಟಾ ಹಾಕಿಸು. ತಳ ಬಾಗಿತೇ? ಇನ್ನೊಂದು ಪಟ್ಟಿ ಹೊಡೆಸು. ಪಾಟಾ ಹೆಚ್ಚಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಸರಿ, ಅಚ್ಚು ಗಟ್ಟಿಯಾಯಿತೇ? ಬೇರಿಂಗ್ ದೊಡ್ಡದಾಯಿತೇ? ಟೈರಿನ ಬಲ ಹೆಚ್ಚಿತೇ? ಬ್ರೇಕು? ಬಹಳಷ್ಟು ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಹಿಂದಿನ ಭಾರವೆಲ್ಲ ಮುಂದಿನ ಟ್ರ್ಯಾಕ್ಟರಿನ ಹಿಂಗಾಲಿನ ಬ್ರೇಕನ್ನೇ ನಂಬಿರುತ್ತದೆ. ಇಳಿಜಾರಿನಲ್ಲಿ ಟ್ರ್ಯಾಕ್ಟರು ನಿಂತರೂ ಟ್ರೇಲರು ನಿಲ್ಲದೆ ಅದನ್ನು ಪಕ್ಕಕ್ಕೆ ತಳ್ಳಿ ಮಗುಚುತ್ತದೆ. ಪಟ್ಟಿ ಕೊಡುವುದು ಬಲವನ್ನಲ್ಲ, ಹುಸಿ ಧೈರ್ಯವನ್ನು. ಆ ಧೈರ್ಯದಲ್ಲಿ ಇನ್ನೂ ನಾಲ್ಕು ಜನ ಹತ್ತುತ್ತಾರೆ. ಅದೇ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಭವಿಷ್ಯವಾಣಿ, ಅಂದರೆ ಕಾರಣಿಕ, ಒಂದೇ ಸಾಲಿನದ್ದು. ವರ್ಷದ ಮಳೆ ಬೆಳೆಗೆ ಭಕ್ತರಿಗೆ ಅಷ್ಟು ಸಾಕು. ಗ್ಯಾರೇಜಿನಲ್ಲೂ ನಮಗೆ ಒಂದೇ ಸಾಲಿನ ಕಾರಣಿಕ ಬೇಕು ಎಂಬುದೇ ತೊಂದರೆ.

ಟ್ರೇಲರಿನಿಂದ ತೇರಿಗೆ ಬನ್ನಿ. ಕೊಟ್ಟೂರಿನವರಿಗೆ ನೆನಪಿಸಬೇಕೇ? 2017ರ ಫೆಬ್ರುವರಿ 21ರಂದು ಗುರು ಕೊಟ್ಟೂರೇಶ್ವರನ ತೇರು ಸಾವಿರಾರು ಭಕ್ತರ ನಡುವೆ ವಾಲಿ ಉರುಳಿತು, ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣವೆಂದು ಆಗ ಸುದ್ದಿಯಾಯಿತು. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ ನೂರಡಿ ಮೀರಿದ ತೇರು 2024ರ ಏಪ್ರಿಲ್‌ನಲ್ಲಿ ಉರುಳಿತು. ಮರುವರ್ಷ ಮಾರ್ಚ್‌ನಲ್ಲಿ ಅದೇ ಜಾತ್ರೆಯಲ್ಲಿ ಮತ್ತೆ ತೇರು ಬಿತ್ತು, ಜೀವವೂ ಹೋಯಿತು. ಎತ್ತರ ಎಲ್ಲರ ಕಣ್ಣಿಗೂ ಬೀಳುತ್ತದೆ, ಅಚ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲಂಕಾರಕ್ಕೆ ದಾನಿಗಳಿದ್ದಾರೆ, ಕಳಸಕ್ಕೆ ದಾನಿಗಳಿದ್ದಾರೆ. ಅಚ್ಚಿನ ಪರೀಕ್ಷೆಗೆ ದಾನ ಕೊಟ್ಟ ಪುಣ್ಯಾತ್ಮರು ಎಷ್ಟು ಜನ? ತಮಿಳುನಾಡಿನಲ್ಲಿ ತಿರುವಾರೂರಿನ ದೊಡ್ಡ ತೇರಿಗೆ ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆಯಿಂದ ಹೈಡ್ರಾಲಿಕ್ ಬ್ರೇಕು ತಂದು ಕೂರಿಸಿದರು. ಅದರಿಂದ ಅಲ್ಲಿನ ದೇವರಿಗೆ ಮೈಲಿಗೆಯಾಗಲಿಲ್ಲ.

ಇನ್ನು ಪಟ್ಟಿಯ ವಕೀಲರ ಕೊನೆಯ ಅಸ್ತ್ರ: “ಬಡವನ ಜಾಣ್ಮೆ ಕಣ್ರೀ ಇದು, ನಮ್ಮ ಮೇಸ್ತ್ರಿ ಮುಂದೆ ಯಾವ ಎಂಜಿನಿಯರು?” ಈ ಮಾತನ್ನು ಹೆಚ್ಚು ಆಡುವವರು ಟಂಟಂನಲ್ಲಿ ಕೂರದವರು. ‘ಜುಗಾಡ್’ ಎಂದು ಹೆಸರಿಟ್ಟು ಭಾಷಣ ಮಾಡುತ್ತಾರೆ, ಪುಸ್ತಕ ಬರೆಯುತ್ತಾರೆ, ಮನೆಗೆ ಹೋಗುವುದು ಆರು ಏರ್‌ಬ್ಯಾಗಿನ ಕಾರಿನಲ್ಲಿ. ಬಡವನ ಜಾಣ್ಮೆಯ ಬೆಲೆ ಕಟ್ಟುವವನು ಯಾರು? ಕಂತು ಮುಗಿಯುವ ಮುಂಚೆ ಗೇರ್‌ಬಾಕ್ಸ್ ಒಡೆಸಿಕೊಂಡ ಬಡವನೇ. ಅವನಿಗೆ ಕಾನೂನಿನ ಪೆಟ್ಟೂ ತಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಬರೆಯಿತು. ಎಂಜಿನ್ನನ್ನೇ ಬದಲಿಸಿಕೊಂಡ ಜೀಪಿಗೆ ಅಪಘಾತವಾದಾಗ ವಿಮೆ ಕಂಪನಿಗೆ ನೀವೇ ಒಂದು ನೆಪ ಕೈಗೆ ಕೊಟ್ಟಂತೆ. ಮೇಸ್ತ್ರಿಯ ಕೈಚಳಕಕ್ಕೆ ನನ್ನ ಅಗೌರವವಿಲ್ಲ. ಕಲಿಯುವ ಅವಕಾಶವನ್ನೇ ಕೊಡದೆ ಅವನನ್ನು ಹೊಗಳಿ ಅಲ್ಲೇ ಕೂರಿಸಿದವರ ಮೇಲೆ ನನ್ನ ಸಿಟ್ಟು.

ಆರ್‌ಟಿಒ ಕಚೇರಿಯನ್ನು ಬಿಡುವಂತಿಲ್ಲ. ಎಂಟು ವರ್ಷ ದಾಟಿದ ಸಾರಿಗೆ ವಾಹನ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆಯಬೇಕು. ನಮ್ಮ ಸೀಮೆಯ ಕೆಎ-35 ಫಲಕದ ಎಷ್ಟೋ ಗಾಡಿಗಳ ಅಡಿಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಇದೆ, ಕಿಸೆಯಲ್ಲಿ ಅರ್ಹತಾ ಪತ್ರವೂ ಇದೆ. ಅವೆರಡೂ ಒಟ್ಟಿಗೆ ಹೇಗೆ ಇರುತ್ತವೆ? ಗಾಡಿಯ ಕೆಳಗೆ ಬಗ್ಗಿ ನೋಡಲು ಸರ್ಕಾರದ ಸುತ್ತೋಲೆ ಬೇಕೇ?

ಆಗಬೇಕಾದದ್ದು ಕಷ್ಟದ್ದೇನಲ್ಲ. ಮೇಸ್ತ್ರಿಗಳೇ, ವೆಲ್ಡಿಂಗ್ ಹಿಡಿಕೆ ಎತ್ತುವ ಮೊದಲು ರಬ್ಬರ್, ಬೋಲ್ಟು, ಇಂಜೆಕ್ಟರ್, ಫ್ಯಾನ್, ಕ್ರಾಸ್ ಇವೈದನ್ನೂ ನೋಡದೆ ಗಾಡಿಗೆ ಕಬ್ಬಿಣ ಮುಟ್ಟಿಸುವುದಿಲ್ಲ ಎಂದು ಪಣ ತೊಡಿ. ಮಾಲೀಕರೇ, ಪಟ್ಟಿಗೆ ದುಡ್ಡು ಕೊಟ್ಟು ಪರೀಕ್ಷೆಗೆ ಚೌಕಾಸಿ ಮಾಡುವುದನ್ನು ಬಿಡಿ. ಕಾರಣ ಹುಡುಕಿದವನಿಗೆ ಕೂಲಿ ಹೆಚ್ಚು ಕೊಡಿ, ಕಬ್ಬಿಣ ಸೇರಿಸಿದವನಿಗಲ್ಲ. ಐಟಿಐಗಳು ಗ್ಯಾರೇಜ್ ಮೇಸ್ತ್ರಿಗಳಿಗೆ ಸಂಜೆ ಬಾಗಿಲು ತೆರೆಯಲಿ. ಬೆಸುಗೆ, ಬಿರುಕು, ಕಂಪನ ಇಷ್ಟೇ ಕಲಿಸಿದರೂ ಸಾಕು. ಜಾತ್ರೆಗೆ ವಾರ ಮೊದಲೇ ಪೊಲೀಸರು ಮತ್ತು ಆರ್‌ಟಿಒ ಹಳ್ಳಿಗೇ ಹೋಗಿ ಟ್ರೇಲರಿನ ಬ್ರೇಕು, ಕೊಂಡಿ, ಅಚ್ಚು ನೋಡಲಿ. ಜನರಿಗೆ ಬಸ್ ಹೆಚ್ಚಿಸಲಿ. ಬಸ್ಸಿಲ್ಲದ ಊರಿನವನಿಗೆ ಟ್ರೇಲರ್ ಹತ್ತಬೇಡ ಎನ್ನುವುದು ಉಪದೇಶ, ಆಡಳಿತವಲ್ಲ. ತೇರಿನ ಅಚ್ಚಿಗೆ ಪ್ರತಿ ವರ್ಷ ಬಿರುಕಿನ ಪರೀಕ್ಷೆ ಕಡ್ಡಾಯವಾಗಲಿ. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಅದರ ಖರ್ಚು ಒಂದು ಹೂವಿನ ಅಲಂಕಾರಕ್ಕಿಂತ ಹೆಚ್ಚಾಗಲಾರದು.

ಮುಂದಿನ ಸಲ ಯಾರಾದರೂ “ಇನ್ನೊಂದು ಪಟ್ಟಿ ಹೊಡೆದ್ರ ಆತು” ಅಂದರೆ ತಲೆಯಾಡಿಸಬೇಡಿ. “ಯಾಕ ನಡುಗ್ತೈತಿ ಅಂತ ಮೊದ್ಲು ಹೇಳಪ್ಪ” ಎಂದು ಕೇಳಿ. ಉತ್ತರ ಬರದಿದ್ದರೆ ಗಾಡಿಯನ್ನು ಬೇರೆ ಗ್ಯಾರೇಜಿಗೆ ತಿರುಗಿಸಿ.